ವಿಮಾನ ನಿಲ್ದಾಣದ ಬಸ್ಸು, ರೈಲು ಪಾಳಿ ನೌಕರರಿಗೂ ಒದಗಲಿ

ಮಾನ್ಯ ಸಂಪಾದಕರೇ,

ವಿಮಾನ ನಿಲ್ದಾಣದಿಂದ ನಗರಕ್ಕೆ ಹೊಸ ರೈಲು ಮಾರ್ಗ ಬರಲಿದೆ ಎಂಬ ಸುದ್ದಿ ಪ್ರಕಟವಾದಾಗಲೆಲ್ಲ ಎರಡು ಅಂಕಿಗಳು ತಪ್ಪದೆ ಅಚ್ಚಾಗುತ್ತವೆ. ಮಾರ್ಗದ ಉದ್ದ ಎಷ್ಟು ಕಿಲೋಮೀಟರ್ ಎಂಬುದು ಒಂದು, ರೈಲು ಅದನ್ನು ಎಷ್ಟು ನಿಮಿಷಗಳಲ್ಲಿ ಕ್ರಮಿಸುತ್ತದೆ ಎಂಬುದು ಇನ್ನೊಂದು. ರಾತ್ರಿಯ ಕೊನೆಯ ಗಾಡಿ ಎಷ್ಟು ಹೊತ್ತಿಗೆ, ಎರಡು ಗಾಡಿಗಳ ನಡುವಿನ ಅಂತರವೆಷ್ಟು, ಅದು ನಗರದ ಯಾವ ಮೂಲೆಗೆ ತಂದು ಇಳಿಸುತ್ತದೆ, ದಿನವೂ ಅಲ್ಲಿಗೆ ದುಡಿಯಲು ಹೋಗುವವರಿಗೆ ಆ ದರ ಕೈಗೆಟುಕುತ್ತದೆಯೇ ಎಂಬ ಪ್ರಶ್ನೆಗಳಿಗೆ ಸುದ್ದಿಯ ಕೊನೆಯ ಸಾಲಿನಲ್ಲೂ ಜಾಗ ಸಿಗುವುದಿಲ್ಲ. ವೇಗವಾದ, ಥಳುಕಿನ, ದುಬಾರಿಯಾದ ವಿಶೇಷ ಸೇವೆಗಿಂತ ಸಾಧಾರಣ ದರದ, ಪದೇ ಪದೇ ಬರುವ, ರಾತ್ರಿಯೂ ಓಡುವ ದಿನಬಳಕೆಯ ಸೇವೆಯೇ ವಿಮಾನ ನಿಲ್ದಾಣಕ್ಕೆ ಮೊದಲು ಬೇಕು ಎಂಬ ನನ್ನ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ವೇಗದ ಲೆಕ್ಕವನ್ನೇ ಮೊದಲು ನೋಡೋಣ. ಕಚೇರಿಗೆ ಹೋಗುವವರು ತಮ್ಮ ರೈಲಿನ ಸಮಯ ನೋಡಿಕೊಂಡು ಮನೆಯಿಂದ ಹೊರಡುತ್ತಾರೆ. ಅವರಿಗೆ ಅರ್ಧ ಗಂಟೆಗೊಂದು ರೈಲಿದ್ದರೂ ಹೇಗೋ ನಡೆಯುತ್ತದೆ. ವಿಮಾನದಿಂದ ಇಳಿದವರಿಗೆ ಆ ಅನುಕೂಲವಿಲ್ಲ. ವಿಮಾನ ಹತ್ತು ನಿಮಿಷ ಮೊದಲೇ ಇಳಿಯಬಹುದು, ಒಂದು ಗಂಟೆ ತಡವಾಗಬಹುದು, ಇಮಿಗ್ರೇಷನ್ ಸರತಿ ಉದ್ದವಾಗಿರಬಹುದು, ಸೂಟ್‌ಕೇಸು ಬೆಲ್ಟಿನ ಮೇಲೆ ಎಲ್ಲರಿಗಿಂತ ಕೊನೆಗೆ ಬರಬಹುದು. ಹೀಗೆ ಯಾವ ಕ್ಷಣದಲ್ಲಿ ಹೊರಗೆ ಬರುತ್ತೇವೆಂಬುದು ಪ್ರಯಾಣಿಕರ ಕೈಯಲ್ಲಿಲ್ಲದಿರುವಾಗ ಅವರು ಕಾಯುವ ಸಮಯ ಸರಾಸರಿಯಾಗಿ ಎರಡು ಗಾಡಿಗಳ ನಡುವಿನ ಅಂತರದ ಅರ್ಧದಷ್ಟಾಗುತ್ತದೆ. ಅರ್ಧ ಗಂಟೆಗೊಮ್ಮೆ ಹೊರಟು 20 ನಿಮಿಷದಲ್ಲಿ ನಗರ ಮುಟ್ಟುವ ರೈಲೂ, 10 ನಿಮಿಷಕ್ಕೊಮ್ಮೆ ಹೊರಟು 30 ನಿಮಿಷ ತೆಗೆದುಕೊಳ್ಳುವ ರೈಲೂ ಪ್ರಯಾಣಿಕರ ಪಾಲಿಗೆ ಸಮನಾಗಿಯೇ ಸರಾಸರಿ 35 ನಿಮಿಷದ ಸೇವೆಗಳು. ಆದರೆ ಜಾಹೀರಾತಿನಲ್ಲಿ ಮೊದಲನೆಯದು ಮಾತ್ರ ಮೆರೆಯುತ್ತದೆ. ಒಂದು ರೈಲು ಕಣ್ಣೆದುರೇ ತಪ್ಪಿಹೋದಾಗ ಎರಡನೆಯ ಸೇವೆಯಲ್ಲಿ ಕಾಯಬೇಕಾದದ್ದು 10 ನಿಮಿಷ, ಮೊದಲನೆಯದರಲ್ಲಿ 30 ನಿಮಿಷ ಎಂಬುದನ್ನೂ ಸೇರಿಸಿಕೊಂಡರೆ ನಿಧಾನದ ರೈಲೇ ಮೇಲು ಎನ್ನಬೇಕಾಗುತ್ತದೆ.

ವೇಗದ ಮೋಹಕ್ಕೆ ಶಾಂಘೈ ನಗರದ ಮ್ಯಾಗ್ಲೆವ್ ರೈಲಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರುವುದಿಲ್ಲ. ಹಳಿಯನ್ನು ಮುಟ್ಟದೆ, ಅಯಸ್ಕಾಂತದ ಬಲದಿಂದ ತೇಲಿಕೊಂಡು ಹೋಗುವ ಆ ರೈಲು ಪುಡಾಂಗ್ ವಿಮಾನ ನಿಲ್ದಾಣದಿಂದ 30 ಕಿಲೋಮೀಟರ್ ದೂರವನ್ನು ಗಂಟೆಗೆ 431 ಕಿಲೋಮೀಟರಿನವರೆಗಿನ ವೇಗದಲ್ಲಿ ಸುಮಾರು 8 ನಿಮಿಷಗಳಲ್ಲಿ ಕ್ರಮಿಸುವಂತೆ ನಿರ್ಮಾಣವಾಯಿತು. ತಾಂತ್ರಿಕವಾಗಿ ಅದು ಬೆರಗುಗೊಳಿಸುವ ಸಾಧನೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೊನೆಗೊಳ್ಳುವುದು ಲಾಂಗ್‌ಯಾಂಗ್ ರಸ್ತೆಯ ನಿಲ್ದಾಣದಲ್ಲಿ. ನಗರದ ನಡುಭಾಗ ಅಲ್ಲಿಂದಾಚೆಗಿದೆ. ಪ್ರಯಾಣಿಕರು ಅಲ್ಲಿ ಇಳಿದು, ಲಗೇಜು ಎಳೆದುಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋಗಿ, ಮತ್ತೆ ಟಿಕೆಟ್ ಪಡೆದು ಇನ್ನೊಂದು ರೈಲಿಗೆ ಕಾಯಬೇಕು. ಉಳಿಸಿದ ನಿಮಿಷಗಳಲ್ಲಿ ಎಷ್ಟೋ ಅಲ್ಲಿಯೇ ಕಳೆದುಹೋಗುತ್ತವೆ. ಮುಂದೆ 2010ರಲ್ಲಿ ನಗರದ ಸಾಮಾನ್ಯ ಮೆಟ್ರೋದ 2ನೇ ಮಾರ್ಗವೂ ಅದೇ ವಿಮಾನ ನಿಲ್ದಾಣವನ್ನು ತಲುಪಿತು. ಅದು ಎಷ್ಟೋ ನಿಧಾನ. ಆದರೆ ಪೀಪಲ್ಸ್ ಸ್ಕ್ವೇರ್‌ನಂತಹ ನಗರದ ಹೃದಯಭಾಗದ ನಿಲ್ದಾಣಗಳನ್ನು ಅದು ಹಾದುಹೋಗುತ್ತದೆ.

ದರದ ವಿಷಯದಲ್ಲಿ ಮೂರು ನಗರಗಳ ಅನುಭವ ಗಮನಕ್ಕೆ ಅರ್ಹವಾಗಿದೆ. ಟೊರಾಂಟೊದಲ್ಲಿ 2015ರ ಜೂನ್ ತಿಂಗಳಿನಲ್ಲಿ ಪಿಯರ್ಸನ್ ವಿಮಾನ ನಿಲ್ದಾಣದಿಂದ ಯೂನಿಯನ್ ನಿಲ್ದಾಣಕ್ಕೆ 25 ನಿಮಿಷದ ವಿಶೇಷ ರೈಲು ಆರಂಭವಾಯಿತು; 15 ನಿಮಿಷಕ್ಕೊಂದು ರೈಲು, ಒಳಗೆ ಒಳ್ಳೆಯ ಆಸನಗಳು, ಒಂದು ಕಡೆಗೆ 27.50 ಕೆನಡಾ ಡಾಲರ್ ದರ. ಟ್ರಾನ್ಸಿಟ್ ಕಾರ್ಡ್ ಇದ್ದವರಿಗೆ ಸ್ವಲ್ಪ ಕಡಿಮೆಯಿತ್ತಾದರೂ ರೈಲುಗಳು ಬಹುತೇಕ ಖಾಲಿಯಾಗಿಯೇ ಓಡಿದವು. ಒಂದು ವರ್ಷ ತುಂಬುವ ಮೊದಲೇ, 2016ರ ಮಾರ್ಚ್‌ನಲ್ಲಿ, ದರವನ್ನು 12 ಡಾಲರಿಗೆ ಇಳಿಸಲಾಯಿತು; ಪ್ರಯಾಣಿಕರ ಸಂಖ್ಯೆ ಗಣನೀಯವಾಗಿ ಏರಿತು. ಹಳಿ ಅದೇ, ಬೋಗಿ ಅದೇ, ವೇಗವೂ ಅದೇ. ದೆಹಲಿಯ ವಿಮಾನ ನಿಲ್ದಾಣ ಎಕ್ಸ್‌ಪ್ರೆಸ್ ಮಾರ್ಗ 2011ರ ಫೆಬ್ರವರಿಯಲ್ಲಿ ಖಾಸಗಿ ಕಂಪನಿಯೊಂದರ ನಿರ್ವಹಣೆಯಲ್ಲಿ ತೆರೆಯಿತು. ರಚನಾ ದೋಷಗಳ ಕಾರಣದಿಂದ 2012ರ ಜುಲೈಯಲ್ಲಿ ಮುಚ್ಚಿ 2013ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಅದೇ ವರ್ಷದ ಜುಲೈಯಿಂದ ದೆಹಲಿ ಮೆಟ್ರೋ ನಿಗಮವೇ ಅದನ್ನು ನಡೆಸತೊಡಗಿತು. ನಂತರದ ವರ್ಷಗಳಲ್ಲಿ ನಿಗಮವು ದರವನ್ನು ಇಳಿಸುತ್ತ ಬಂದಂತೆ ಹತ್ತುವವರ ಸಂಖ್ಯೆಯೂ ಹೆಚ್ಚುತ್ತ ಬಂತು. ಸಿಡ್ನಿಯದು ಇನ್ನೊಂದು ಬಗೆ. 2000ದ ಒಲಿಂಪಿಕ್ಸ್‌ಗೆ ಮುನ್ನ ತೆರೆದ ಅಲ್ಲಿನ ಮಾರ್ಗದಲ್ಲಿ ಸಾಮಾನ್ಯ ಟಿಕೆಟ್ಟಿನ ಮೇಲೆ ನಿಲ್ದಾಣ ಪ್ರವೇಶದ ಪ್ರತ್ಯೇಕ ಶುಲ್ಕವನ್ನೂ ವಿಧಿಸಲಾಯಿತು. ನಿಲ್ದಾಣಗಳ ಹೊಣೆ ಹೊತ್ತಿದ್ದ ಕಂಪನಿ ಕೆಲವೇ ತಿಂಗಳಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. ಮುಂದೆ 2011ರಲ್ಲಿ ಅದೇ ಮಾರ್ಗದ ಮ್ಯಾಸ್ಕಾಟ್ ಮತ್ತು ಗ್ರೀನ್ ಸ್ಕ್ವೇರ್ ನಿಲ್ದಾಣಗಳ ಶುಲ್ಕವನ್ನು ಸರ್ಕಾರ ತೆಗೆಸಿದಾಗ ಅಲ್ಲಿ ಜನಸಂಚಾರ ಹೆಚ್ಚಿತು. ವಿಮಾನ ನಿಲ್ದಾಣದೊಳಗಿನ ನಿಲ್ದಾಣಗಳಲ್ಲಿ ಮಾತ್ರ ಶುಲ್ಕ ಉಳಿದುಕೊಂಡಿತು.

ಇಂತಹ ಮಾರ್ಗಗಳಿಗೆ ಅಪಾರ ಹಣ ತಗಲುತ್ತದೆ, ಅದನ್ನು ಯಾರಾದರೂ ಭರಿಸಲೇಬೇಕಲ್ಲವೇ ಎಂದು ಆಡಳಿತಗಾರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ರೈಲು ತುಂಬಿದ್ದರೂ ಖಾಲಿಯಿದ್ದರೂ ಹಳಿಯ ಸಾಲ, ಚಾಲಕರ ಸಂಬಳ, ನಿಲ್ದಾಣದ ವಿದ್ಯುತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಖಾಲಿ ಆಸನದಿಂದ ಒಂದು ಕಾಸೂ ಹುಟ್ಟುವುದಿಲ್ಲ. ವಿಮಾನದ ಟಿಕೆಟ್ ಕೊಂಡವರು ರೈಲಿಗೂ ಎಷ್ಟಾದರೂ ಕೊಡಬಲ್ಲರು ಎಂಬ ಎಣಿಕೆ ಈ ದರಗಳ ಹಿಂದಿರುತ್ತದೆ. ಇಬ್ಬರು ಮೂವರು ಸೇರಿ ಟ್ಯಾಕ್ಸಿ ಹಿಡಿದರೆ ತಲೆಗೆ ಬೀಳುವ ಖರ್ಚು ಅಷ್ಟೇ ಆಗುತ್ತದೆ, ಮನೆಯ ಬಾಗಿಲಿಗೇ ತಲುಪಬಹುದು ಎಂಬ ಸರಳ ಲೆಕ್ಕ ಆ ಎಣಿಕೆಯಲ್ಲಿ ಬಿಟ್ಟುಹೋಗಿರುತ್ತದೆ.

ಇನ್ನು ಈ ಚರ್ಚೆಗಳಲ್ಲಿ ಲೆಕ್ಕಕ್ಕೇ ಬಾರದ ಜನರ ವಿಷಯ. ದೊಡ್ಡ ವಿಮಾನ ನಿಲ್ದಾಣವೊಂದರಲ್ಲಿ ಹತ್ತಾರು ಸಾವಿರ ಜನ ಕೆಲಸ ಮಾಡುತ್ತಾರೆ: ಸಾಮಾನು ಎತ್ತುವವರು, ವಿಮಾನದ ಒಳಗನ್ನು ಶುಚಿಗೊಳಿಸುವವರು, ಅಡುಗೆಯವರು, ಭದ್ರತಾ ಸಿಬ್ಬಂದಿ, ಮೆಕ್ಯಾನಿಕ್‌ಗಳು, ಅಂಗಡಿಗಳಲ್ಲಿ ನಿಲ್ಲುವವರು, ಸರಕು ಗೋದಾಮಿನ ಗುಮಾಸ್ತರು. ಪ್ರಯಾಣಿಕರು ವರ್ಷದಲ್ಲಿ ಕೆಲವು ಸಲ ಹೋಗುವ ದಾರಿಯಲ್ಲಿ ಇವರು ದಿನಕ್ಕೆರಡು ಸಲ ಓಡಾಡುತ್ತಾರೆ. ಬೆಳಗಿನ ಮೊದಲ ವಿಮಾನ ಹೊರಡಬೇಕಾದರೆ ಇವರು ನಡುರಾತ್ರಿ ದಾಟಿದೊಡನೆ ಮನೆ ಬಿಟ್ಟಿರಬೇಕು. ಕೊನೆಯ ವಿಮಾನ ಇಳಿದು ಎಲ್ಲರೂ ಹೋದ ಮೇಲೆ ಇವರ ಪಾಳಿ ಮುಗಿಯುತ್ತದೆ. ಇವರಲ್ಲಿ ಬಹುಪಾಲು ಜನ ನಗರದ ನಡುಭಾಗದಲ್ಲಿ ವಾಸಿಸುವುದಿಲ್ಲ. ಬಾಡಿಗೆ ಕಡಿಮೆಯಿರುವ ಹೊರವಲಯಗಳಲ್ಲಿ ಇರುತ್ತಾರೆ. ನಡುವೆ ಎಲ್ಲಿಯೂ ನಿಲ್ಲದೆ ನೇರವಾಗಿ ನಗರದ ಮುಖ್ಯ ನಿಲ್ದಾಣಕ್ಕೆ ಧಾವಿಸುವ ರೈಲು ಎಷ್ಟು ಚೆನ್ನಾಗಿದ್ದರೂ ಇವರ ಮನೆಗಳ ಪಕ್ಕದಲ್ಲೇ ಹಾದುಹೋಗಿ ಇವರಿಗೆ ದಕ್ಕದೆ ಉಳಿಯುತ್ತದೆ. ನಿಲ್ದಾಣದ ಸಾರಿಗೆಯನ್ನು ಈ ನೌಕರರನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದರೆ ಪ್ರಯಾಣಿಕರಿಗೆ ಬೇಕಾದ ಎಲ್ಲವೂ ಅದರಲ್ಲಿ ತಾನಾಗಿ ಸೇರಿಕೊಳ್ಳುತ್ತದೆ. ಪ್ರಯಾಣಿಕರನ್ನಷ್ಟೇ ಇಟ್ಟುಕೊಂಡು ರೂಪಿಸಿದರೆ ನೌಕರರು ಹೊರಗುಳಿಯುತ್ತಾರೆ.

ಹಾಂಗ್‌ಕಾಂಗ್‌ನಲ್ಲಿ ಇದನ್ನು ಅರಿತು ಮಾಡಿದ ಏರ್ಪಾಡು ಕಾಣುತ್ತದೆ. ಅಲ್ಲಿ 1998ರಲ್ಲಿ ಹೊಸ ವಿಮಾನ ನಿಲ್ದಾಣದೊಂದಿಗೆ ಎಕ್ಸ್‌ಪ್ರೆಸ್ ರೈಲೂ ಬಂತು. ಅದು ಸುಮಾರು 24 ನಿಮಿಷಗಳಲ್ಲಿ ನಗರದ ವ್ಯಾಪಾರ ಕೇಂದ್ರ ಮುಟ್ಟುತ್ತದೆ. ಹೊರಡುವ ಪ್ರಯಾಣಿಕರು ತಮ್ಮ ಲಗೇಜನ್ನು ನಗರದೊಳಗಿನ ರೈಲು ನಿಲ್ದಾಣದಲ್ಲೇ ವಿಮಾನ ಸಂಸ್ಥೆಗೆ ಒಪ್ಪಿಸಿ ಕೈಬೀಸಿಕೊಂಡು ಹೋಗುವ ವ್ಯವಸ್ಥೆಯನ್ನೂ ಅದರೊಂದಿಗೆ ಮಾಡಲಾಯಿತು. ಆದರೆ ನನ್ನ ಗಮನ ಸೆಳೆದದ್ದು ಅಲ್ಲಿನ ಬಸ್ಸುಗಳು. ‘ಎ’ ಅಕ್ಷರದ ಬಸ್ಸುಗಳು ಪ್ರಯಾಣಿಕರಿಗಾಗಿ ಲಗೇಜು ಇಡುವ ಜಾಗದೊಂದಿಗೆ ಬೇರೆ ಬೇರೆ ಬಡಾವಣೆಗಳಿಗೆ ಬೇಗನೆ ಸಾಗುತ್ತವೆ. ‘ಇ’ ಅಕ್ಷರದವು ಸರಕು ವಿಭಾಗ, ದುರಸ್ತಿ ವಿಭಾಗ, ಪಕ್ಕದ ತುಂಗ್ ಚುಂಗ್ ಪಟ್ಟಣಗಳನ್ನು ಸುತ್ತಿಕೊಂಡು ನಿಧಾನವಾಗಿ, ಕಡಿಮೆ ದರದಲ್ಲಿ ಹೋಗುತ್ತವೆ. ‘ಎನ್’ ಅಕ್ಷರದವು ರಾತ್ರಿ ಓಡುತ್ತವೆ. ಅವಸರದವರಿಗೊಂದು, ಉಳಿತಾಯದವರಿಗೊಂದು, ಅಪರಾತ್ರಿಯವರಿಗೊಂದು ಎಂಬ ಈ ವಿಂಗಡಣೆಯಲ್ಲಿ ಯಾವ ಉನ್ನತ ತಂತ್ರಜ್ಞಾನವೂ ಇಲ್ಲ. ಓಸ್ಲೋದಲ್ಲಿಯೂ ಒಂದೇ ಹಳಿಯ ಮೇಲೆ ದುಬಾರಿ ವಿಮಾನ ರೈಲು ಹಾಗೂ ಸಾಮಾನ್ಯ ರೈಲು ಎರಡೂ ಓಡುತ್ತವೆ. ಸಮಯದ ವ್ಯತ್ಯಾಸ ಕೆಲವೇ ನಿಮಿಷ.

ರಾತ್ರಿಯ ಪ್ರಶ್ನೆಯನ್ನು ಕೆಲವು ನಗರಗಳು ಸುಲಭವಾಗಿ ಬಿಡಿಸಿಕೊಂಡಿವೆ. ಷಿಕಾಗೊದ ಓಹೇರ್ ನಿಲ್ದಾಣಕ್ಕೆ 1984ರಿಂದ ಹೋಗುತ್ತಿರುವ ನೀಲಿ ಮಾರ್ಗವೂ, ಕೋಪನ್‌ಹೇಗನ್ ವಿಮಾನ ನಿಲ್ದಾಣವನ್ನು 2007ರಲ್ಲಿ ತಲುಪಿದ ಚಾಲಕರಹಿತ ಮೆಟ್ರೋವೂ ರಾತ್ರಿಯಿಡೀ ಓಡುತ್ತವೆ. ಎಲ್ಲ ಮೆಟ್ರೋಗಳಿಗೂ ಇದು ಸಾಧ್ಯವಾಗದು, ಹಳಿಗಳ ನಿತ್ಯದ ದುರಸ್ತಿಗೆ ರಾತ್ರಿಯ ಬಿಡುವು ಬೇಕು ಎಂಬುದು ನಿಜ. ಆದರೆ ಆ ಹೊತ್ತಿನಲ್ಲಿ ಅದೇ ಮಾರ್ಗವನ್ನು ಅನುಸರಿಸುವ ಬಸ್ಸು ಓಡಿಸಲು ಯಾವ ಅಡ್ಡಿಯೂ ಇಲ್ಲ. ಮಧ್ಯರಾತ್ರಿ ಇಳಿಯುವ ವಿಮಾನಕ್ಕೆ ಅನುಮತಿ ಕೊಡುವ ಆಡಳಿತವೇ ಆ ಪ್ರಯಾಣಿಕರು ಊರು ಸೇರುವ ಬಗೆಯನ್ನೂ ಯೋಚಿಸಬೇಕಲ್ಲವೇ? ಒಂಟಿಯಾಗಿ ಬರುವ ಮಹಿಳೆಯರಿಗೆ, ವೃದ್ಧರಿಗೆ ಅಪರಾತ್ರಿಯಲ್ಲಿ ಟ್ಯಾಕ್ಸಿಯವರು ಹೇಳಿದ ದರವೇ ದರವಾಗುತ್ತದೆ.

ಸಮಯಕ್ಕೆ ಸರಿಯಾಗಿ ಸಾರಿಗೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ನಿದರ್ಶನಗಳಿವೆ. ಟೋಕಿಯೊದಿಂದ ಸುಮಾರು 60 ಕಿಲೋಮೀಟರ್ ದೂರದ ನರೀಟಾ ವಿಮಾನ ನಿಲ್ದಾಣ 1978ರಲ್ಲಿ ತೆರೆದಾಗ ಅದಕ್ಕೆಂದು ಯೋಜಿಸಿದ್ದ ಶಿಂಕಾನ್‌ಸೆನ್ (ಬುಲೆಟ್ ರೈಲು) ಮಾರ್ಗ ಬರಲೇ ಇಲ್ಲ. ಇದ್ದ ಒಂದು ಖಾಸಗಿ ರೈಲು ಟರ್ಮಿನಲ್‌ನಿಂದ ದೂರವೇ ನಿಲ್ಲುತ್ತಿತ್ತು. ಅಲ್ಲಿಂದ ಬಸ್ಸು ಹಿಡಿಯಬೇಕಿತ್ತು. ಶಿಂಕಾನ್‌ಸೆನ್‌ಗಾಗಿ ನೆಲದಡಿ ಕಟ್ಟಿದ್ದ ನಿಲ್ದಾಣವನ್ನು ಬೇರೆ ರೈಲುಗಳಿಗೆ ಬಿಟ್ಟುಕೊಟ್ಟದ್ದು 1991ರಲ್ಲಿ. ಮಾಂಟ್ರಿಯಲ್‌ನ ಮಿರಾಬೆಲ್‌ಗೆ ಆ ಭಾಗ್ಯವೂ ಇರಲಿಲ್ಲ. ನಗರದಿಂದ ಬಹುದೂರದಲ್ಲಿ 1975ರಲ್ಲಿ ತೆರೆದ ಆ ಭಾರೀ ನಿಲ್ದಾಣಕ್ಕೆ ಯೋಜಿಸಿದ್ದ ವೇಗದ ರೈಲು ಕಾಗದದಲ್ಲೇ ಉಳಿಯಿತು; 2004ರಲ್ಲಿ ಅಲ್ಲಿಂದ ಪ್ರಯಾಣಿಕ ವಿಮಾನಗಳು ನಿಂತವು. ದೇಶದೊಳಗಿನ ವಿಮಾನಗಳು ಹಳೆಯ ನಿಲ್ದಾಣದಲ್ಲೇ ಉಳಿದದ್ದು ಮೊದಲಾದ ಬೇರೆ ಕಾರಣಗಳೂ ಅದಕ್ಕಿದ್ದವು. ಆದರೂ ತಲುಪುವುದೇ ಕಷ್ಟವಾಗಿದ್ದ ನಿಲ್ದಾಣವನ್ನು ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಇದಕ್ಕೆ ಪ್ರತಿಯಾಗಿ ಓಸ್ಲೋದ ಗಾರ್ಡರ್ಮೋಯೆನ್‌ನಲ್ಲಿ 1998ರ ಅಕ್ಟೋಬರಿನಲ್ಲಿ ನಿಲ್ದಾಣ ತೆರೆದ ದಿನವೇ ರೈಲೂ ಓಡಿತು. ದಾರಿಯ ದೊಡ್ಡ ಸುರಂಗ ಇನ್ನೂ ಪೂರ್ಣಗೊಂಡಿರಲಿಲ್ಲ. ಅದು ಮುಗಿಯುವವರೆಗೆ ಹಳೆಯ ಹಳಿಯನ್ನೇ ಬಳಸಿಕೊಂಡರು.

ರೈಲು ಬರುವ ತನಕ ಏನು ಮಾಡುವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಬಸ್ಸು. ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣಕ್ಕೆ ಯೋಜಿಸಿದ್ದ ರೈಲು ಮಾರ್ಗ ಪ್ರಯಾಣಿಕರನ್ನು ಮೊದಲು ಮ್ಯಾನ್‌ಹಟನ್‌ಗೆ ವಿರುದ್ಧ ದಿಕ್ಕಿಗೆ ಕರೆದೊಯ್ಯುತ್ತಿತ್ತೆಂಬ ಟೀಕೆಗೆ ಗುರಿಯಾಗಿ 2023ರಲ್ಲಿ ಕೈಬಿಡಲ್ಪಟ್ಟಿತು. ವಿಮಾನ ನಿಲ್ದಾಣದಿಂದ ಸಬ್‌ವೇ ಎಂಬ ಅಲ್ಲಿನ ಮೆಟ್ರೋ ರೈಲಿಗೆ ಹೋಗುವ ಕ್ಯೂ 70 ಬಸ್ಸನ್ನು ಅದಕ್ಕೂ ಮುಂಚೆ 2022ರಲ್ಲೇ ಉಚಿತಗೊಳಿಸಲಾಗಿತ್ತು. ಹಾಗಿದ್ದೂ ಎಷ್ಟೋ ಕಡೆ ಟರ್ಮಿನಲ್‌ನ ಅಮೃತಶಿಲೆಗೆ ಧಾರಾಳವಾಗಿ ಸುರಿಯುವ ಆಡಳಿತಗಳು ಬಸ್ಸಿನ ವಿಷಯ ಬಂದಾಗ ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತೆ ಕೈ ಬಿಗಿಹಿಡಿಯುತ್ತವೆ. ಹೊರಬಾಗಿಲ ಎದುರಿನ ಜಾಗ ಕಾರುಗಳಿಗೆ ಹೋಗುತ್ತದೆ. ಬಸ್ಸು ನಿಲ್ಲುವುದು ರಸ್ತೆಯ ಆಚೆ, ನೆರಳಿಲ್ಲದ ಕಡೆ. ಇದರ ಹಿಂದೆ ಅಲಕ್ಷ್ಯದ ಜೊತೆಗೆ ಲಾಭದ ಲೆಕ್ಕವೂ ಇದೆ ಎಂಬುದು ನನ್ನ ಸಂಶಯ. ಪಾರ್ಕಿಂಗ್ ಶುಲ್ಕ ಮತ್ತು ಟ್ಯಾಕ್ಸಿಗಳಿಂದ ಬರುವ ಹಣ ನಿಲ್ದಾಣಗಳ ಆದಾಯದ ಮುಖ್ಯ ಭಾಗ. ಜನರೆಲ್ಲ ಬಸ್ಸು ಹತ್ತಿದರೆ ಆ ಆದಾಯ ಕುಗ್ಗುತ್ತದೆ. ಆದ್ದರಿಂದ ಬಸ್ಸು ಎಲ್ಲಿ ನಿಲ್ಲಬೇಕೆಂಬ ತೀರ್ಮಾನವನ್ನು ನಿಲ್ದಾಣದ ಕಂಪನಿಯೊಂದರ ಕೈಗೇ ಬಿಡುವುದು ಸರಿಯಲ್ಲ. ಪರವಾನಗಿ ಕೊಡುವಾಗಲೇ ಸರ್ಕಾರ ಅದನ್ನು ಷರತ್ತಾಗಿ ಬರೆಯಬೇಕು.

ಬೋಗಿಯ ಒಳಗಿನ ಜಾಗದ ಬಗ್ಗೆ ಒಂದು ಮಾತು. ಲಂಡನ್ನಿನ ಪಿಕ್ಯಾಡಿಲಿ ಮಾರ್ಗ 1977ರಲ್ಲಿ ಹೀಥ್ರೂ ತಲುಪುವುದಿದ್ದುದರಿಂದ ಆ ಮಾರ್ಗಕ್ಕೆಂದು ತಯಾರಾದ ಬೋಗಿಗಳಲ್ಲಿ ಬಾಗಿಲ ಬಳಿ ಲಗೇಜಿಗಾಗಿ ಹೆಚ್ಚಿನ ಸ್ಥಳ ಬಿಟ್ಟಿದ್ದರು. ಅಷ್ಟು ಹಿಂದೆಯೇ ತೋರಿದ ಈ ಮುಂದಾಲೋಚನೆ, ಎತ್ತರದ ಮೆಟ್ಟಿಲುಗಳ ಬಸ್ಸನ್ನು ವಿಮಾನ ನಿಲ್ದಾಣಕ್ಕೆ ಕಳುಹಿಸುವ ಇಂದಿನ ಸಾರಿಗೆ ಸಂಸ್ಥೆಗಳಿಗೆ ಏಕೆ ಹೊಳೆಯುವುದಿಲ್ಲವೋ ತಿಳಿಯದು.

ತಮ್ಮ ಪತ್ರಿಕೆಯ ವರದಿಗಾರರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಯಾವುದೇ ವಿಮಾನ ನಿಲ್ದಾಣ ಮಾರ್ಗದ ಘೋಷಣೆಯಾದಾಗ, ರೈಲಿನ ವೇಗದೊಂದಿಗೆ ಅದರ ಮೊದಲ ಹಾಗೂ ಕೊನೆಯ ಗಾಡಿಯ ಸಮಯ, ಗಾಡಿಗಳ ನಡುವಿನ ಅಂತರ, ಮಾಸಿಕ ಪಾಸಿನ ದರ ಮತ್ತು ಮಾರ್ಗ ಸಿದ್ಧವಾಗುವವರೆಗೆ ಓಡುವ ಬಸ್ಸಿನ ವಿವರವನ್ನೂ ಅಧಿಕಾರಿಗಳಿಂದ ಕೇಳಿ ಪ್ರಕಟಿಸಬೇಕು. ಅವರ ಬಳಿ ಉತ್ತರವಿಲ್ಲದಿದ್ದರೆ, ಉತ್ತರವಿಲ್ಲವೆಂಬುದನ್ನೇ ಪ್ರಕಟಿಸಬೇಕು.

ಇಂತಿ,
ತಮ್ಮ ಪತ್ರಿಕೆಯ ಓದುಗ