ಮರಣ ವಹಿಯಲ್ಲಿ ಗಾಳಿಗೆ ಜಾಗವಿಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಜನನ–ಮರಣ ನೋಂದಣಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಸತ್ತವರ ಹೆಸರು ಬರೆದೇ ಸಂಸಾರ ನಡೆಸಿದ್ದೇನೆ. ಬ್ಯಾಂಕಿಗೊಂದು, ವಿಮೆಗೊಂದು, ಪಿಂಚಣಿಗೊಂದು ಎಂದು ಪ್ರತಿ ಕೇಳುತ್ತ ಕಿಟಕಿಯಾಚೆ ನಿಲ್ಲುತ್ತಿದ್ದವರಿಗೆ ಕೊಡುವ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಕಾಣಿಸುವಂತಿಲ್ಲ, ಕಾನೂನೇ ಹಾಗಿದೆ. ಕಾರಣ ಇರುವುದು ಆಸ್ಪತ್ರೆಯಿಂದ ಬರುವ ನಮೂನೆಯಲ್ಲಿ: ಹೃದಯಸ್ತಂಭನ, ಪಾರ್ಶ್ವವಾಯು, ಉಸಿರಾಟದ ವೈಫಲ್ಯ. ಮನೆಯಲ್ಲೇ ಹೋದ ಹಿರಿಯರಾದರೆ ‘ವಯೋಸಹಜ’. ಡಿಸೆಂಬರ್ ಬಂತೆಂದರೆ ಆ ನಮೂನೆಗಳ ಕಟ್ಟು ದಪ್ಪವಾಗುತ್ತಿತ್ತು. ‘ಚಳಿಗೆ ಹಣ್ಣೆಲೆ ಉದುರುತ್ತವಪ್ಪ’ ಎನ್ನುತ್ತಿದ್ದರು ನಮ್ಮ ಮೇಲಧಿಕಾರಿ. ನಾನೂ ಹೂಂಗುಟ್ಟುತ್ತಿದ್ದೆ.

2024ರ ಜುಲೈನಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ನಿಯತಕಾಲಿಕದಲ್ಲಿ ಬಂದ ಅಧ್ಯಯನವನ್ನು ಮಗಳು ಓದಿ ಹೇಳಿದ ಮೇಲೆ ಆ ಹೂಂ ನನ್ನನ್ನು ಚುಚ್ಚುತ್ತಿದೆ. 2008ರಿಂದ 2019ರ ನಡುವೆ ದೇಶದ ಹತ್ತು ನಗರಗಳಲ್ಲಿ ದಾಖಲಾದ ಸುಮಾರು 36 ಲಕ್ಷ ಸಾವುಗಳನ್ನು ಅದು ಆಯಾ ದಿನದ ಗಾಳಿಯ ಪಕ್ಕದಲ್ಲಿಟ್ಟು ನೋಡಿದೆ. ನಮ್ಮಂಥ ಗುಮಾಸ್ತರು ತುಂಬಿದ ವಹಿಗಳೇ ಅವು. ಎರಡು ದಿನಗಳ ಸರಾಸರಿ ಪಿಎಂ 2.5, ಅಂದರೆ ಶ್ವಾಸಕೋಶ ದಾಟಿ ರಕ್ತಕ್ಕೂ ಇಳಿಯಬಲ್ಲ ಸೂಕ್ಷ್ಮ ದೂಳು, ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ದಿನದ ಸಾವು ಶೇ 1.42ರಷ್ಟು ಏರುತ್ತದೆ. ಇದು ಹತ್ತೂ ನಗರಗಳ ಒಟ್ಟು ಲೆಕ್ಕ. ದೆಹಲಿಯೊಂದರಲ್ಲಿ ಆ ಏರಿಕೆ ಶೇ 0.31. ನಮ್ಮ ಬೆಂಗಳೂರಿನಲ್ಲಿ ಶೇ 3.06! ದೆಹಲಿಯಲ್ಲಿ ಒಟ್ಟು ಸಾವು ಹೆಚ್ಚು, ನಿಜ. ಆದರೆ ಗಾಳಿ ತಕ್ಕಮಟ್ಟಿಗೆ ಚೆನ್ನಾಗಿರುವ ಊರಿನಲ್ಲಿ ಮೊದಲ ಹಿಡಿ ಹೊಗೆಯ ಪೆಟ್ಟೇ ಜೋರು.

ಇಂಥವರು ಗಾಳಿಯಿಂದಲೇ ಸತ್ತರು ಎಂದು ಯಾವ ವೈದ್ಯರೂ ಬೆರಳಿಟ್ಟು ಹೇಳಲಾರರು. ಸಾವಿರಾರು ಹೆಸರು ಒಟ್ಟಿಗೆ ಸೇರಿದಾಗ ಮಾತ್ರ ಅದು ಕಾಣುತ್ತದೆ. ಇಂಥ ಸಾವುಗಳಲ್ಲಿ ಬೆಂಗಳೂರಿನ ಪಾಲು ವರ್ಷಕ್ಕೆ 2,100ರಷ್ಟು ಎನ್ನುತ್ತದೆ ಅಧ್ಯಯನ.

ಇಷ್ಟಾದರೂ ನಮ್ಮ ಬೀದಿಯ ತಿರುವಿನಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಹೊಂಗೆಯ ಒಣ ಎಲೆ ಗುಡ್ಡೆ ಹಾಕಿ, ಮೇಲೆರಡು ಹಾಲಿನ ಕವರ್ ಎಸೆದು ಕಡ್ಡಿ ಗೀರುತ್ತಾರೆ. ಆಸ್ತಮಾ ಇರುವ ನನ್ನ ಹೆಂಡತಿ ಕಿಟಕಿ ಮುಚ್ಚಿ, ಇನ್ಹೇಲರ್ ಎರಡು ಸಲ ಒತ್ತಿಕೊಂಡು, ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂರುತ್ತಾಳೆ. ಕೇಳಲು ಹೋದರೆ ‘ಇದೇನು ದೆಹಲಿಯೇ ಸ್ವಾಮಿ?’ ಎಂಬ ಉತ್ತರ.

ಅವರನ್ನಷ್ಟೇ ದೂರಿ ಏನು ಫಲ? ಪಿಎಂ 2.5ರ ದಿನದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ನಮ್ಮ ರಾಷ್ಟ್ರೀಯ ಮಿತಿ 60. ಪಿಎಂ 2.5 ಐವತ್ತರಲ್ಲಿದ್ದರೂ ನಮ್ಮ ವಾಯು ಗುಣಮಟ್ಟ ಸೂಚ್ಯಂಕ ಅದನ್ನು ‘ತೃಪ್ತಿಕರ’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಯಾರ ತೃಪ್ತಿಯೋ!

ಮರಣ ನೋಂದಣಿ ಈಗ ಕಂಪ್ಯೂಟರಿನಲ್ಲಿದೆ. ಮಾಪನ ಕೇಂದ್ರಗಳ ಅಂಕಿಗಳೂ ಗಂಟೆಗಂಟೆಗೆ ಬರುತ್ತವೆ. ಹೆಸರು, ವಿಳಾಸ ಏನೂ ಬೇಡ. ದಿನಕ್ಕೆ ಎಷ್ಟು ಸಾವು, ಹಿಂದಿನ ಎರಡು ದಿನ ಎಷ್ಟು ದೂಳು ಎಂಬ ಎರಡೇ ಸಾಲನ್ನು ಪಾಲಿಕೆ ತಿಂಗಳಿಗೊಮ್ಮೆ ಪ್ರಕಟಿಸಲಿ. ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲೂ ನಮಗದು ಅರ್ಧ ದಿನದ ಕೆಲಸವಾಗಿತ್ತು.

— ನಿವೃತ್ತ ಗುಮಾಸ್ತ, ಬೆಂಗಳೂರು