ಕಾಲುವೆ ಅಳೆಸದೆ ಬಡಾವಣೆಗೆ ಒಪ್ಪಿಗೆ ಕೊಡಬೇಡಿ: ಯೋಜನಾ ಪ್ರಾಧಿಕಾರದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಕೆರೆಯ ನೀರುಣ್ಣುವ ಅಚ್ಚುಕಟ್ಟಿನ 20 ಎಕರೆ ಗದ್ದೆಯನ್ನು ಕೃಷಿಯಿಂದ ವಸತಿಗೆ ಬದಲಿಸುವ ಅರ್ಜಿ ತಮ್ಮ ಮುಂದಿದೆ. ಆಕ್ಷೇಪಣೆ ಕೊಟ್ಟೆವು, ನೆನಪೋಲೆ ಕೊಟ್ಟೆವು. ಸ್ವೀಕೃತಿಯ ಮುದ್ರೆ ಬಿಟ್ಟರೆ ಏನೂ ಸಿಗಲಿಲ್ಲ. ಇನ್ನು ಎಲ್ಲರೆದುರೇ ಕೇಳುತ್ತೇವೆ: ಆ ಜಮೀನಿನಲ್ಲಿ ಹಾದುಹೋಗುವ, ಕೆರೆಯ ತೂಬಿನಿಂದ ನೀರು ತರುವ ಕಾಲುವೆಯನ್ನೂ ಹೆಚ್ಚಿನ ನೀರು ಬಸಿದುಹೋಗುವ ಬಸಿಗಾಲುವೆಯನ್ನೂ ಅಳೆಸಿ, ಎರಡೂ ಬದಿಗೆ ಕಲ್ಲು ನೆಡಿಸುವವರೆಗೆ ಕಡತ ಮುಂದೆ ಹೋಗಬಾರದು.

ನಿಯಮ ತಮಗೆ ಹೇಳಿಕೊಡಬೇಕಾಗಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14ಎ ಪ್ರಕರಣದ ಪ್ರಕಾರ ಭೂಬಳಕೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ತಕ್ಕಂತಿರಬೇಕು. ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಪ್ರಕಟಣೆಯೇನೋ ಬಂತು. ಸರ್ವೆ ನಂಬರ್, ಎಕರೆ, ಗುಂಟೆ, ಊರಿನ ಹೆಸರು, ಅಷ್ಟೇ. ನಕ್ಷೆ ಇಲ್ಲ. ಪಂಚಾಯಿತಿ ಫಲಕದಲ್ಲಿ ಒಂದು ಪ್ರತಿ ಅಂಟಿಸಲಿಲ್ಲ. ರಸ್ತೆ ಎಲ್ಲಿ, ಮೋರಿ ಎಲ್ಲಿ, ಕಾಲುವೆ ಯಾವ ನಿವೇಶನದ ಕೆಳಗೆ ಹೋಗುತ್ತದೆ ಎಂದು ಕಾಣದಿದ್ದರೆ ರೈತ ಯಾವುದಕ್ಕೆ ಆಕ್ಷೇಪಿಸಬೇಕು?

ಇನ್ನು ಆ ಸ್ಥಳ ಪರಿಶೀಲನೆ. ಕಾಲುವೆಯಲ್ಲಿ ಒಂದು ಹನಿ ನೀರಿಲ್ಲದ ಕಡುಬೇಸಿಗೆಯಲ್ಲಿ ಅಧಿಕಾರಿಗಳು ಅದನ್ನು ಮುಗಿಸಿದರು. ಅದಕ್ಕೂ ಮುಂಚೆಯೇ ಜೆಸಿಬಿ ಬಂದು ಬದು ಒಡೆದು, ಕಾಲುವೆಗೆ ಮಣ್ಣು ತುಂಬಿ ಮಟ್ಟ ಮಾಡಿತ್ತು. ವರದಿಯಲ್ಲಿ ಸ್ಥಳದಲ್ಲಿ ಕಾಲುವೆ ಕಂಡುಬಂದಿಲ್ಲ ಎಂದು ಬರೆದಿದ್ದಾರೆ. ಮುಚ್ಚಿದ ಕಾಲುವೆ ಹೇಗೆ ಕಾಣಬೇಕು ಸ್ವಾಮಿ? ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನು ಕರೆದಿದ್ದರೆ ತೂಬಿನಿಂದ ಹಿಡಿದು ಕೊನೇ ಗದ್ದೆಯವರೆಗೆ ನಡೆದು ತೋರಿಸುತ್ತಿದ್ದ. ಅವನನ್ನು ಕರೆಯಲಿಲ್ಲ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಬರಲಿಲ್ಲ. ಅರ್ಜಿದಾರರ ಕಡೆಯವರು ಮಾತ್ರ ಅಲ್ಲಿದ್ದರು. ಇಂಥ ವರದಿಯ ಮೇಲೆ ತಾವು ಸಹಿ ಹಾಕುವುದು ನಮಗೆ ಸಹಿಸಲಾಗದ ಮಾತು.

ಗ್ರಾಮ ನಕ್ಷೆ ನೋಡಿದ್ದೇವೆ ಎಂಬ ಉತ್ತರವೂ ಸಾಲದು. ಗ್ರಾಮ ನಕ್ಷೆಯ ಅಳತೆ 1:7,920, ಅಂದರೆ ಒಂದು ಇಂಚಿಗೆ 660 ಅಡಿ. ಆರಡಿ ಅಗಲದ ಕಾಲುವೆ ಅದರಲ್ಲಿ ಇಂಚಿನ ನೂರನೇ ಒಂದು ಭಾಗಕ್ಕಿಂತ ತೆಳು. ಅದನ್ನು ಸ್ಕ್ಯಾನ್ ಮಾಡಿ ಬಡಾವಣೆ ನಕ್ಷೆಯ ಮೇಲೆ ಹೊಂದಿಸಿದಾಗ ಗೆರೆ ಮಾಸುತ್ತದೆ, ಇಲ್ಲವೇ ಹತ್ತಾರು ಅಡಿ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಸರ್ವೆ ಇಲಾಖೆಯ ಹಳೇ ಅಳತೆ ದಾಖಲೆಗಳಾದ ಮೂಲ ಟಿಪ್ಪಣಿ, ಆಕಾರ್‌ಬಂದ್ ತೆಗೆಸಿ, ಕಾಲುವೆ, ದಾರಿಗಳಿಗೆಂದು ಬಿಟ್ಟ ಬಿ ಖರಾಬಿನ ಗುಂಟೆಗಳನ್ನು ಜಮೀನಿನ ಮೇಲೇ ಅಳೆದು ಗುರುತಿಸಬೇಕು. ಬಿ ಖರಾಬು ಸಾರ್ವಜನಿಕರ ಸ್ವತ್ತು. ಗದ್ದೆ ಕೊಂಡವರಿಗೆ ಅದರಲ್ಲಿ ಒಂದು ಅಂಗುಲವೂ ಸೇರುವುದಿಲ್ಲ.

ಕಾಲುವೆಯ ಬದಲು ಪೈಪ್ ಹಾಕಿಕೊಡುತ್ತೇವೆ ಎಂದು ಅರ್ಜಿದಾರರು ಹೇಳುತ್ತಿದ್ದಾರಂತೆ. ಲೆಕ್ಕ ನೋಡಿ. ಆರಡಿ ಅಗಲ, ಮೂರಡಿ ಆಳದ ಕಾಲುವೆಯ ಬಾಯಿ 18 ಚದರಡಿ. 600 ಮಿಲಿಮೀಟರ್ ವ್ಯಾಸದ ಕಾಂಕ್ರೀಟಿನ ಹ್ಯೂಮ್ ಪೈಪಿನ ಬಾಯಿ ಸುಮಾರು 3 ಚದರಡಿ, ಆರರಲ್ಲಿ ಒಂದು ಪಾಲು. ಪೈಪನ್ನು ಕಾಲುವೆಯ ಇಳಿಜಾರಿಗಲ್ಲ, ರಸ್ತೆಯ ಮಟ್ಟಕ್ಕೆ ಹೊಂದಿಸಿ ಕೂರಿಸುತ್ತಾರೆ. ನಿವೇಶನ ತಪ್ಪಿಸಲು ಮೂಲೆ ಮುರಿದು ತಿರುಗಿಸುತ್ತಾರೆ. ತಿರುವಿನಲ್ಲಿ ಹೂಳು ನಿಲ್ಲುತ್ತದೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ. ಬೇಸಿಗೆ ಬೆಳೆಗೆ ಕೊನೇ ಗದ್ದೆಗಳಿಗೆ ನೀರು ತಲುಪುವುದಿಲ್ಲ. ಮಳೆಗಾಲದಲ್ಲಿ ಬಸಿಯುವ ನೀರಿಗೆ ದಾರಿಯಿಲ್ಲದೆ ಮೇಲಿನ ಗದ್ದೆಗಳ ಪೈರು ಕೊಳೆಯುತ್ತದೆ. ತೆರೆದ ಕಾಲುವೆಯಾದರೆ ಸಲಿಕೆ ಹಿಡಿದು ನಾವೇ ಹೂಳೆತ್ತುತ್ತೇವೆ. ರಸ್ತೆಯಡಿಯ ಪೈಪನ್ನು ಯಾರು ಬಿಚ್ಚುತ್ತಾರೆ?

ಐದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಎರಡು ಲಕ್ಷ ಲೀಟರ್ ನೀರು, 20 ಎಕರೆಗೆ 40 ಲಕ್ಷ. ಗದ್ದೆಯ ಬದುಗಳು ಅದನ್ನು ಹಿಡಿದು ನಿಧಾನವಾಗಿ ಬಿಡುತ್ತವೆ. ನಾಲ್ಕಡಿ ಮಣ್ಣು ಏರಿಸಿ ಡಾಂಬರು ಹಾಕಿದ ಮೇಲೆ ಬಹುಪಾಲು ನೀರು ಒಂದೇ ಸಲ ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆಯ ಬಡಾವಣೆಗಳಿಂದ 2022ರ ಸೆಪ್ಟೆಂಬರಿನಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತಂದದ್ದು ತಮಗೂ ನೆನಪಿರಬೇಕು. ಅಲ್ಲಿ ಮುಳುಗಿದ್ದು ರೈತರ ಮನೆಯಷ್ಟೇ ಅಲ್ಲ, ಕೋಟಿ ಕೊಟ್ಟು ಕೊಂಡವರ ಮನೆಯೂ ಹೌದು.

ಕೊಳಚೆಯದ್ದು ಇನ್ನೊಂದು. ಎಕರೆಗೆ 30×40 ಅಳತೆಯ 20 ನಿವೇಶನವೆಂದರೆ ಒಟ್ಟು 400 ಮನೆ. ಮನೆಗೆ ಐದು ಜನ, ತಲೆಗೆ 135 ಲೀಟರ್ ನೀರಿನ ಬಳಕೆ ಎಂದರೆ ದಿನಕ್ಕೆ 2 ಲಕ್ಷ ಲೀಟರಿಗೂ ಮೀರಿ ಕೊಳಚೆ. ನಮ್ಮೂರಿಗೆ ಒಳಚರಂಡಿ ಇಲ್ಲ. ಗದ್ದೆ ಬಯಲಲ್ಲಿ ಮೂರು ಅಡಿ ಅಗೆದರೆ ನೀರು ಜಿನುಗುವ ಕಡೆ ಇಂಗುಗುಂಡಿ ಇಂಗುವುದಿಲ್ಲ, ಉಕ್ಕುತ್ತದೆ.

ಗದ್ದೆ ಮಾರಿದವರ ಮೇಲೆ ನಮಗೆ ಸಿಟ್ಟಿಲ್ಲ. ಸಾಲ, ಮದುವೆ, ಆಸ್ಪತ್ರೆ ಎಲ್ಲರಿಗೂ ಇದೆ. ಅವರು ಮಾರಿದ್ದು ಅವರ ಗದ್ದೆ. ಕಾಲುವೆ ಅವರದ್ದಾಗಿರಲಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇವೆ: ಕಾಲುವೆ ಅಳೆಸಿ. ಭೂಮಾಪನ, ಸಣ್ಣ ನೀರಾವರಿ, ಪಂಚಾಯಿತಿ ಮತ್ತು ತಮ್ಮ ಕಚೇರಿಯವರು ಒಂದೇ ದಿನ ಸೇರಿ ಜಂಟಿ ಸರ್ವೆ ಮಾಡಲಿ. ಅದು ತೂಬು ಎತ್ತಿ ನೀರು ಹರಿಯುವ ದಿನವೇ ಆಗಲಿ. ಏಳು ದಿನ ಮುಂಚೆ ಅಕ್ಕಪಕ್ಕದವರಿಗೆ ನೋಟಿಸ್ ಕೊಡಿ, ನೀರುಗಂಟಿಯ ಹೇಳಿಕೆಯನ್ನು ಮಹಜರಿನಲ್ಲಿ ಬರೆಸಿ, ಮುಚ್ಚಿದ ಭಾಗವನ್ನು ಮುಚ್ಚಿದವರ ಖರ್ಚಿನಲ್ಲೇ ತೆಗೆಸಿ. ಗುರುತು ಮಾಡಿದ ನಕ್ಷೆಯನ್ನು ಪಂಚಾಯಿತಿಯಲ್ಲಿ ಹಾಕಿದ ಮೇಲೆ ಆಕ್ಷೇಪಣೆಗೆ ಹೊಸದಾಗಿ 15 ದಿನ ಕೊಡಿ. ಅಲ್ಲಿಯವರೆಗೆ ಭೂಬಳಕೆ ಬದಲಾವಣೆಯೂ ಬೇಡ, ಬಡಾವಣೆ ನಕ್ಷೆಗೆ ತಾತ್ಕಾಲಿಕ ಒಪ್ಪಿಗೆಯೂ ಬೇಡ. ಸರ್ವೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಿ.

ಇಂತಿ,
ಕೆರೆ ಅಚ್ಚುಕಟ್ಟಿನ ರೈತರು