ಲಾಗ್ ಫಿಲ್ಟರ್ ಬದಲಾಗುತ್ತಿದೆ: ಮಂಡಿ ಮತ್ತು ಸೊಸೈಟಿ ಗ್ರಾಹಕರಿಗೆ ಪತ್ರ

ಆತ್ಮೀಯ ಮಂಡಿ ಮಾಲೀಕರೇ, ಸೊಸೈಟಿ ಸೆಕ್ರೆಟರಿಗಳೇ, ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರೇ,

ಸೆಪ್ಟೆಂಬರ್ 1ರಿಂದ ನಮ್ಮ ತಂತ್ರಾಂಶ ಕಳಿಸುವ ಎಸ್‌ಎಂಎಸ್ ಕಡಿಮೆಯಾಗುತ್ತದೆ. ಬೆಳಿಗ್ಗೆ ಲಾಗ್ ಪರದೆ (ತಂತ್ರಾಂಶ ತನ್ನಲ್ಲಿ ಏನೇನಾಯ್ತು ಅಂತ ಸಾಲು ಸಾಲಾಗಿ ಬರೆದಿಡುವ ದಿನಚರಿ) ತೆರೆದಾಗ ಕಾಣುವ ಸಾಲುಗಳೂ ಕಡಿಮೆಯಾಗುತ್ತವೆ. ಯಾವುದು ಬರಬೇಕು, ಯಾವುದು ಬೇಡ ಅಂತ ಇನ್ನು ಮೇಲೆ ನೀವೇ ನಿಯಮ ಬರೆಯಬಹುದು. ಹೀಗೆ ಸೋಸುವುದಕ್ಕೇ ಫಿಲ್ಟರ್ ಅನ್ನುವುದು. ಬರೆಯದಿದ್ದರೆ ನಾವು ಹಾಕಿಕೊಟ್ಟದ್ದು ನಡೆಯುತ್ತದೆ. ಮಳೆಗಾಲದ ನಡುವೆ ಹೊಸದೊಂದು ಕಲಿಯಿರಿ ಅನ್ನುತ್ತಿದ್ದೇವೆ, ಕ್ಷಮಿಸಿ. ಅಡಿಕೆ ಸುಗ್ಗಿ ಶುರುವಾದ ಮೇಲೆ ಹೇಳಿದ್ದರೆ ನೀವು ನಮ್ಮನ್ನು ಅಂಗಳಕ್ಕೂ ಸೇರಿಸುತ್ತಿರಲಿಲ್ಲ.

ಮೊದಲು ದುಡ್ಡಿನ ವಿಷಯ. 'ಎಸ್‌ಎಂಎಸ್ ಹೆಸರಲ್ಲಿ ಬಿಲ್ ಏರಿಸ್ತಿದೀರಿ' ಅನ್ನುವ ಮಾತು ಸಾಗರದ ಕಡೆಯಿಂದಲೂ ಬಂತು, ಸೊರಬದ ಕಡೆಯಿಂದಲೂ ಬಂತು. ಲೆಕ್ಕ ಇಡ್ತೀವಿ, ನೀವೇ ನೋಡಿ. ಇಂಗ್ಲಿಷ್ ಸಂದೇಶವಾದರೆ 160 ಅಕ್ಷರದವರೆಗೆ ಒಂದೇ ಎಸ್‌ಎಂಎಸ್. ಕನ್ನಡದಲ್ಲಿ ಕಳಿಸಿದರೆ ಮಿತಿ 70ಕ್ಕೆ ಇಳಿಯುತ್ತದೆ. 70 ದಾಟಿತೋ, ಸಂದೇಶ ತುಂಡಾಗುತ್ತದೆ, ತುಂಡಿಗೆ 67 ಮಾತ್ರ. ಅದೂ ನಾವು ನೀವು ಎಣಿಸುವ ಹಾಗಲ್ಲ. 'ತೀರ್ಥಹಳ್ಳಿ' ನಮಗೆ 4 ಅಕ್ಷರ. ಯಂತ್ರ ದೀರ್ಘ, ಒತ್ತು, ಗುಡಿಸು ಎಲ್ಲ ಬಿಡಿಸಿ 10 ಎಣಿಸುತ್ತದೆ. ಊರಿನ ಹೆಸರು, ಕಾಟಾದ (ತೂಕದ ಯಂತ್ರದ) ನಂಬರು, ಏನಾಗಿದೆ ಅನ್ನುವ ಒಂದು ಸಾಲು ಸೇರಿಸಿದರೆ ಎರಡು ಮೂರು ತುಂಡು ಗ್ಯಾರಂಟಿ. ಪ್ರತಿ ತುಂಡಿಗೂ ದುಡ್ಡು, ಅದರ ಮೇಲೆ ಶೇ 18 ಜಿಎಸ್‌ಟಿ. ಇದರಲ್ಲಿ ಒಂದು ಪೈಸೆ ನಮ್ಮ ಜೇಬಿಗೆ ಬರುವುದಿಲ್ಲ. 'ವಾಟ್ಸಾಪ್‌ನಲ್ಲಿ ಪುಕ್ಕಟೆ ಕಳ್ಸಿ' ಅಂದವರಿಗೂ ಹೇಳಬೇಕು: ವ್ಯಾಪಾರದ ಸಂದೇಶಕ್ಕೆ ಅಲ್ಲೂ ಶುಲ್ಕವಿದೆ. ಇಂಗ್ಲಿಷಿಗೆ ಬದಲಾಯಿಸಿದ್ದರೆ ನಮಗೆ ಸುಲಭವಿತ್ತು. ಬದಲಾಯಿಸಲಿಲ್ಲ, ಮುಂದೆಯೂ ಇಲ್ಲ. ಕಾಟಾ ಹತ್ತಿರ ನಿಂತವರಿಗೆ ಓದಲು ಆಗದ ಸಂದೇಶ ಕಳಿಸಿ ಏನು ಪ್ರಯೋಜನ?

ಹಾಗಾಗಿ ಕಡಿಮೆ ಮಾಡಬೇಕಿರುವುದು ಸಂಖ್ಯೆಯನ್ನೇ. ಹೊಸನಗರದ ಕಡೆಯ ಒಂದು ಸೊಸೈಟಿಯ ಜುಲೈ ಲಾಗ್ ಎದುರಿಗಿದೆ. ರಾತ್ರಿ ಮಳೆಗೆ ನೆಟ್‌ವರ್ಕ್ ಹೋಗಿದೆ. 'ಸರ್ವರ್ ಸಿಗುತ್ತಿಲ್ಲ, ಮತ್ತೆ ಪ್ರಯತ್ನ', 'ಸರ್ವರ್ ಸಿಗುತ್ತಿಲ್ಲ, ಮತ್ತೆ ಪ್ರಯತ್ನ' ಅಂತ ಪುಟಗಟ್ಟಲೆ. ಅದರ ನಡುವೆ ಒಂದೇ ಒಂದು ಸಾಲು: 'ಬಿಲ್ ಪ್ರಿಂಟ್ ಆಗಿದೆ, ಖಾತೆಗೆ ಸೇರಿಲ್ಲ'. ಬೇಕಾಗಿದ್ದದ್ದು ಆ ಸಾಲು. ಅಷ್ಟು ರಾಶಿಯಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು?

ಇನ್ನು ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಹೊಸ ಪರದೆ ತೋರಿಸಿದಲ್ಲೆಲ್ಲ ಇದೇ: 'ಫಿಲ್ಟರ್ ಅಂತ ಹೇಳಿ ನಿಮ್ಮ ಸಾಫ್ಟ್‌ವೇರ್ ತಪ್ಪನ್ನೇ ಮುಚ್ಚಿಡ್ತೀರಾ?' ನೇರವಾಗಿ ಕೇಳಿದಿರಿ, ನೇರವಾಗಿಯೇ ಹೇಳುತ್ತೇವೆ. ಫಿಲ್ಟರ್ ಇರುವುದು ತೋರಿಸುವ ಜಾಗದಲ್ಲಿ, ಬರೆಯುವ ಜಾಗದಲ್ಲಿ ಅಲ್ಲ. ತಂತ್ರಾಂಶ ಮೊದಲು ಏನೇನು ಬರೆದಿಡುತ್ತಿತ್ತೋ ಈಗಲೂ ಅಷ್ಟನ್ನೂ ಬರೆದಿಡುತ್ತದೆ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಮಾಡಿದ ಮಾತ್ರಕ್ಕೆ ಗೊರಬಲು ಎಸೆದ ಹಾಗಾಯ್ತಾ? ಮೇಲಾಗಿ, ಅಳಿಸುವುದಕ್ಕೆ ನಮಗೆ ಅವಕಾಶವೂ ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. ನಾವೂ ಅಷ್ಟು ದಿನ ಇಡುತ್ತೇವೆ. ಪರದೆಯ ಮೇಲ್ಗಡೆ 'ಎಲ್ಲವನ್ನೂ ತೋರಿಸು' ಅನ್ನುವ ಗುಂಡಿ ಇದೆ. ಒತ್ತಿದರೆ ಫಿಲ್ಟರ್ ಪಕ್ಕಕ್ಕೆ ಸರಿದು ಪೂರ್ತಿ ಲಾಗ್ ಬರುತ್ತದೆ. ಪಾಸ್‌ವರ್ಡ್ ನಿಮ್ಮದೇ, ನಮ್ಮ ಅನುಮತಿ ಬೇಕಿಲ್ಲ. ನಿಮ್ಮ ಬಿಲ್ಲು, ಖಾತೆ, ದಾಸ್ತಾನಿಗೂ ಇದಕ್ಕೂ ಸಂಬಂಧವೇ ಇಲ್ಲ, ಅವು ಬೇರೆ ಕಡೆ ಇವೆ.

ಮತ್ತೊಂದು ಬಂದೋಬಸ್ತು ಮಾಡಿದ್ದೇವೆ. ಲಾಗ್‌ನ ಪ್ರತಿ ಸಾಲಿಗೂ 0ಯಿಂದ 7ರವರೆಗೆ ಒಂದು ಮಟ್ಟವಿದೆ. ಸಿಸ್‌ಲಾಗ್ ಅನ್ನುವ ಹಳೆಯ ಪದ್ಧತಿ ಇದು, ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ವಿಷಯ ದೊಡ್ಡದು. ಎರರ್ 3, ಎಚ್ಚರಿಕೆ 4, ಸುಮ್ನೆ ಮಾಹಿತಿ 6. ನೀವು ಏನೇ ನಿಯಮ ಬರೆಯಿರಿ, ಅದರ ಮುಂದೆ ನಾವು 'ಮಟ್ಟ 2 ಅಥವಾ ಅದಕ್ಕಿಂತ ಕಡಿಮೆ' ಅಂತ ಸೇರಿಸಿ, ನಡುವೆ ಒಂದು 'ಅಥವಾ' ಹಾಕಿರುತ್ತೇವೆ. 'ಅಥವಾ' ಇದ್ದಲ್ಲಿ ಒಂದು ಕಡೆ ನಿಜವಾದರೆ ಸಾಕು, ಇನ್ನೊಂದು ಕಡೆ ಏನೇ ಇರಲಿ. ಅಂದರೆ ಡೇಟಾಬೇಸ್ ಕೈಕೊಟ್ಟಂಥ ದೊಡ್ಡ ತೊಂದರೆ ನಿಮ್ಮ ನಿಯಮ ತಪ್ಪಿದ್ದರೂ ಬಂದೇ ಬರುತ್ತದೆ. ಇದನ್ನು ನೀವೂ ತೆಗೆಯಲಾಗದು, ನಾವೂ ತೆಗೆಯುವುದಿಲ್ಲ.

ನಿಯಮ ಬರೆಯುವುದಕ್ಕೆ ಮೂರೇ ಪದ: ಮತ್ತು, ಅಥವಾ, ಅಲ್ಲ. ಸುಲಭ ಅನಿಸುತ್ತದೆ. ಎಡವುವುದೂ ಇಲ್ಲೇ. 'ತೂಕದ್ದು ಮತ್ತು ಬಿಲ್ಲಿನದ್ದು ಎರಡೂ ತೋರಿಸು' ಅಂತ ಹುಡುಗನಿಗೆ ಹೇಳಿದರೆ ಅವನಿಗೆ ಅರ್ಥವಾಗುತ್ತದೆ. ಯಂತ್ರಕ್ಕೆ 'ತೂಕ ಮತ್ತು ಬಿಲ್' ಅಂದರೆ ಒಂದೇ ಸಾಲು ಎರಡೂ ಆಗಿರಬೇಕು. ನಮ್ಮ ಲಾಗ್‌ನಲ್ಲಿ ಒಂದು ಸಾಲಿಗೆ ಒಂದೇ ವಿಭಾಗ (ತೂಕ, ಬಿಲ್, ನೆಟ್‌ವರ್ಕ್ ಹೀಗೆ), ಹಾಗಾಗಿ ಪರದೆ ಖಾಲಿ. ಅಲ್ಲಿ 'ಅಥವಾ' ಹಾಕಬೇಕು. ಎರಡೂ ಬೇಡ ಅನ್ನುವಾಗ ಇದು ತಿರುಗಾ ಮುರುಗಾ ಆಗುತ್ತದೆ. 'ತೂಕ ಅಲ್ಲ ಅಥವಾ ಬಿಲ್ ಅಲ್ಲ' ಅಂದರೆ ಎಲ್ಲವೂ ಒಳಗೆ ಬರುತ್ತವೆ, ಯಾಕೆಂದರೆ ತೂಕದ ಸಾಲು ಬಿಲ್ ಅಲ್ಲವಲ್ಲ! 'ತೂಕ ಅಲ್ಲ ಮತ್ತು ಬಿಲ್ ಅಲ್ಲ' ಅನ್ನಬೇಕು. ಈ ಸೂತ್ರಕ್ಕೆ ಡಿ ಮಾರ್ಗನ್ ಅವರ ಹೆಸರಿದೆ. ಇಂಗ್ಲಿಷ್ ಗಣಿತಜ್ಞರಾದರೂ 1806ರಲ್ಲಿ ಹುಟ್ಟಿದ್ದು ಇಲ್ಲೇ ತಮಿಳುನಾಡಿನ ಮಧುರೆಯಲ್ಲಿ.

ಆವರಣ ಚಿಹ್ನೆ ಮರೆಯಬೇಡಿ. ಯಂತ್ರ ಮೊದಲು 'ಅಲ್ಲ' ನೋಡುತ್ತದೆ, ಆಮೇಲೆ 'ಮತ್ತು', ಕೊನೆಗೆ 'ಅಥವಾ'. 'ಎರರ್ ಅಥವಾ ಎಚ್ಚರಿಕೆ ಮತ್ತು ನೆಟ್‌ವರ್ಕ್ ಅಲ್ಲ' ಅಂತ ಬರೆದರೆ ಎಚ್ಚರಿಕೆಯಿಂದ ಮಾತ್ರ ನೆಟ್‌ವರ್ಕ್ ಹೋಗುತ್ತದೆ. ನೆಟ್‌ವರ್ಕ್ ಎರರ್‌ಗಳು ಮೊದಲಿನ ಹಾಗೇ ಸುರಿಯುತ್ತವೆ. '(ಎರರ್ ಅಥವಾ ಎಚ್ಚರಿಕೆ) ಮತ್ತು ನೆಟ್‌ವರ್ಕ್ ಅಲ್ಲ' ಅಂದರೆ ಸರಿ. ನಾವು ಹಾಕಿಕೊಡುವ ನಿಯಮವೂ ಇದೇ. ಇಲ್ಲಿ 'ನೆಟ್‌ವರ್ಕ್' ಅಂದರೆ ವಿಭಾಗ, ಸಂದೇಶದಲ್ಲಿರುವ ಪದ ಅಲ್ಲ. ಪದ ನೋಡಿ ತೆಗೆಯಲು ಹೋದರೆ 'ನೆಟ್‌ವರ್ಕ್ ಬಂದ ಮೇಲೆ ಬಿಲ್ ಎರಡು ಸಲ ಸೇರಿದೆ' ಅನ್ನುವ ಸಾಲೂ ಹೋಗಿಬಿಡುತ್ತದೆ. ಅದು ಹೋದರೆ ನಿಮಗೂ ಕಷ್ಟ, ನಮಗೂ ಕಷ್ಟ.

ಈ ಮೂರು ಪದಗಳನ್ನು ಕನ್ನಡದಲ್ಲೇ ಓದಿಕೊಳ್ಳುವ ಹಾಗೆ ಮಾಡಿದ್ದು ಶಿವಮೊಗ್ಗದ ನಮ್ಮ ಆಫೀಸಿನ ಹುಡುಗರೇ. ಹೇಳಿಕೊಳ್ಳದೆ ಇರಲು ಆಗಲಿಲ್ಲ.

ಹಳೆಯ ರೀತಿಯೇ ಬೇಕು ಅನ್ನುವವರು ಆಗಸ್ಟ್ ಮುಗಿಯುವುದರೊಳಗೆ ಒಂದು ಮಾತು ತಿಳಿಸಿ, ಹಾಗೇ ಬಿಡುತ್ತೇವೆ. ಆದರೆ ಎಸ್‌ಎಂಎಸ್ ಖರ್ಚು ಬಂದಷ್ಟೇ ಬರುತ್ತದೆ. ನಿಯಮ ಬರೆದು ಅನುಮಾನ ಬಂದರೆ ಎಂದಿನ ನಂಬರಿಗೆ ಫೋನ್ ಮಾಡಿ ಓದಿ ಹೇಳಿ. ಫೋನ್ ಸಿಗದ ಊರಿನವರು ಮಂಡಿಗೆ ಬಂದಾಗ ಚೀಟಿಯಲ್ಲಿ ಬರೆದು ತನ್ನಿ. ಕಳೆದ ವಾರದ ನಿಮ್ಮದೇ ಲಾಗ್ ಮೇಲೆ ಅದನ್ನು ಓಡಿಸಿ, ಏನು ಬಂತು, ಏನು ಬಿಟ್ಟುಹೋಯಿತು ಅಂತ ನಿಮ್ಮೆದುರೇ ತೋರಿಸುತ್ತೇವೆ.

ಇಂತಿ ನಿಮ್ಮ,
ತಂತ್ರಾಂಶ ಬಳಗದವರು, ಶಿವಮೊಗ್ಗ